ತೋರಣದ ಅಚ್ಚು

ಕೈಯಿಂದ ಅಚ್ಚು ಜಾರಿದ್ದು ನನಗೆ ತಿಳಿಯಲೇ ಇಲ್ಲ.

ಹೊಸದುರ್ಗದ ನನ್ನ ಮನೆಯಲ್ಲಿ ಕುಳಿತು ಅಕ್ಕನ ಮಗಳ ಮದುವೆಗೆ ಕಾರ್ಡು ಮಾಡುತ್ತಿದ್ದೆ. ಮಾವಿನೆಲೆಯ ತೋರಣವನ್ನು ರಬ್ಬರಿನಲ್ಲಿ ನಾನೇ ಕೆತ್ತಿ ಮರದ ತುಂಡಿಗೆ ಅಂಟಿಸಿದ್ದೆ. ಹಸಿರು ಇಂಕ್‌ಪ್ಯಾಡಿಗೆ ತಟ್ಟಿ ಕಾಗದದ ಮೇಲೆ ಒತ್ತಿದರೆ ಅರ್ಧ ತೋರಣ ಮಾತ್ರ ಮೂಡಿತು. ಇಂಕು ಸಾಲಲಿಲ್ಲವೇನೋ ಎಂದು ಮತ್ತೆ ತಟ್ಟಿದೆ. ನೋಡಿದರೆ ಕೈಯಲ್ಲಿ ಅಚ್ಚೇ ಇಲ್ಲ. ಅದು ನೆಲದ ಮೇಲೆ ಬಿದ್ದಿತ್ತು.

ಪಕ್ಕದ ಮನೆಯವರು ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದರು. ಸಿಟಿ ಸ್ಕ್ಯಾನ್ ಆಯಿತು.

ಸ್ಟ್ರೋಕ್.

"ಮೈಲ್ಡ್ ಅಷ್ಟೇ. ಶಕ್ತಿ ಬರುತ್ತೆ. ಬೆರಳಿನ ಸೆನ್ಸೇಷನ್ ಬಗ್ಗೆ ಈಗಲೇ ಹೇಳಕ್ಕಾಗಲ್ಲ," ಎಂದರು ಡಾಕ್ಟರ್.

ಶಕ್ತಿ ಬಂತು. ಫಿಜಿಯೋಥೆರಪಿಯಿಂದ ಲೋಟ ಹಿಡಿದೆ, ಜಡೆ ಹಾಕಿಕೊಂಡೆ. ಬೆರಳು ಮಾತ್ರ ಯಾರದೋ ಆಗಿತ್ತು. ಅಚ್ಚೊತ್ತಲು ಬಲಕ್ಕಿಂತ ಹದ ಮುಖ್ಯ. ಎಷ್ಟು ಒತ್ತಿದೆ ಎಂದು ಬೆರಳೇ ಹೇಳಬೇಕು. ನನ್ನದು ಹೇಳುತ್ತಿರಲಿಲ್ಲ. ಒಂದು ಕಾರ್ಡಿನಲ್ಲಿ ಎಲೆಗಳೆಲ್ಲ ಕಲಸಿಹೋಗಿ ಮುದ್ದೆ, ಇನ್ನೊಂದರಲ್ಲಿ ಎಲೆಯೇ ಇಲ್ಲ.

ಮೊದಮೊದಲು ಎಳನೀರು ಹಿಡಿದು ಬಂದವರು ಆಮೇಲೆ ಬರಲಿಲ್ಲ. ಒಬ್ಬಳೇ ಇದ್ದು ನನಗೆ ರೂಢಿಯಿದೆ. ಆದರೆ ಮುಂಚೆ ನನ್ನ ಕಾರ್ಡುಗಳು ಯಾರ್ಯಾರದೋ ಮನೆಗೆ ಹೋಗುತ್ತಿದ್ದವು, ಅವುಗಳ ಹಿಂದೆ ಮನಸ್ಸಿನಲ್ಲೇ ನಾನೂ ಹೋಗಿಬರುತ್ತಿದ್ದೆ. ಅದೂ ನಿಂತಾಗ ಒಂಟಿತನ ಅಂದರೇನು ಅಂತ ಗೊತ್ತಾಯಿತು.

ಅಕ್ಕ ಭೀಮಸಮುದ್ರದಿಂದ ಫೋನ್ ಮಾಡಿದಳು. "ನೀನು ಕೈಗೆ ರೆಸ್ಟ್ ಕೊಡು. ಕಾರ್ಡು ಪ್ರೆಸ್ಸಿಗೆ ಕೊಟ್ಟೀವಿ."

ಆಯಿತು ಅಂದೆ. ಫೋನಿಟ್ಟು ಅತ್ತೆ. ಪ್ರೀತಿಯಿಂದ ಹೇಳಿದವಳ ಹತ್ತಿರ ಜಗಳ ಆಡುವುದಾದರೂ ಹೇಗೆ?

ಸಿಟ್ಟಿಗೇ ಇರಬೇಕು, ಮಾರನೆಯ ದಿನ ಅಚ್ಚನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದೆ. ಅದರ ಮುಖಕ್ಕೆ ಇಂಕ್‌ಪ್ಯಾಡ್ ತಟ್ಟಿ, ಮೇಲೆ ಕಾಗದ ಹಾಸಿ ಅಂಗೈಯಿಂದ ಸವರಿದೆ. ಜಾರಿಹೋಗಲು ಅಚ್ಚು ಕೈಯಲ್ಲಿರಲಿಲ್ಲವಲ್ಲ. ಕಾಗದ ಎತ್ತಿದರೆ ತೋರಣವಿತ್ತು. ನಡುವಿನ ಎಲೆ ಮಾತ್ರ ಮಾಸಲು. ಅದನ್ನೇ ಕಾರ್ಡು ಮಾಡಿ ಅಕ್ಕನಿಗೆ ಕಳಿಸಿದೆ.

ಹೊಸದುರ್ಗದ ನೆಂಟರನ್ನು ಕರೆಯಲು ಅಕ್ಕ ಬಂದವಳು ಮೊದಲು ನನ್ನ ಮನೆಗೇ ಬಂದಳು. ನಮ್ಮಲ್ಲಿ ಮೊದಲ ಕಾರ್ಡಿನ ಮೂಲೆಗಳಿಗೆ ಅರಿಶಿನ ಹಚ್ಚಿ ಮನೆದೇವರ ಮುಂದೆ ಇಡುತ್ತೇವೆ.

"ದೇವ್ರಿಗೆ ನಿಂದೇ ಇಟ್ಟೀವಿ," ಅಂದಳು.

"ದೇವ್ರು ಕಾರ್ಡ್ ನೋಡಿ ಮದ್ವೆಗೆ ಬರ್ತಾನೇನಕ್ಕ? ನಂದು ಜನರ ಮನೆಗೆ ಹೋಗ್ಬೇಕು."

ಅಕ್ಕ ಚೀಲದಿಂದ ಪ್ರೆಸ್ಸಿನ ಕಾರ್ಡುಗಳನ್ನು ತೆಗೆದು, ಅವುಗಳ ಖಾಲಿ ಕವರುಗಳನ್ನು ನನ್ನ ಮುಂದಿಟ್ಟಳು. "ಇವುಕ್ಕೆ ಒತ್ತು ಹಂಗಾರೆ."

ಒಂದು ಕವರನ್ನು ಅಚ್ಚಿನ ಮೇಲೆ ಹಾಸಿದೆ. ಅಂಗೈ ಊರಿದೆ. ಅಕ್ಕ ತನ್ನ ಕೈಯನ್ನು ನನ್ನ ಕೈ ಮೇಲಿಟ್ಟು ಸವರಿದಳು. ನನ್ನ ಬೆರಳುಗಳಿಗೆ ಅದು ತಿಳಿಯಲಿಲ್ಲ. ಮಣಿಕಟ್ಟಿಗೆ ಬೆಚ್ಚಗೆ ತಿಳಿಯಿತು.

ಪೂರ್ತಿ ಸರಿಹೋಗುತ್ತದೆಯೇ ಎಂದು ಡಾಕ್ಟರ್ ಈಗಲೂ ಹೇಳುವುದಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಅಂದು ಇಂಕು ಒಣಗಿದ ಮೇಲೆ ಅಕ್ಕ ಕವರುಗಳನ್ನು ಹಿಡಿದು ನೆಂಟರ ಮನೆಗೆ ಹೊರಟಳು. ನಾನೂ ಚಪ್ಪಲಿ ಮೆಟ್ಟಿಕೊಂಡೆ.