ಆಪಾ ಮುಚ್ಚುತ್ತಿದ್ದ ಲ್ಯಾಪ್‌ಟಾಪ್

ಹಾರ್ಡ್ ಡಿಸ್ಕ್ ನಿಲ್ಲುವಾಗ ಒಂದು ಸಣ್ಣ ಸದ್ದು ಬರುತ್ತದೆ. ಯಾರೋ ಪಕ್ಕದಲ್ಲಿ ಕೂತು ಬೇಸರಕ್ಕೆ ಲೊಚಗುಟ್ಟಿದ ಹಾಗೆ. ಹೋದ ವಾರ ಕೊರಟಗೆರೆಯ ನಮ್ಮ ಶಾಲೆಯ ಆಫೀಸಿನಲ್ಲಿ ಆ ಸದ್ದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅದರೊಳಗಿದ್ದ ಮಕ್ಕಳ ಅಂಕಗಳಲ್ಲ, ಶಿರಾದ ಆಪಾ.

ಈಗ ನಾವು ಪಾಠ ಮಾಡುವುದಕ್ಕಿಂತ ಅಪ್‌ಲೋಡ್ ಮಾಡುವುದೇ ಹೆಚ್ಚು. ಕೆಲಸದ ನಡುವೆ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಗಿ ಬಂದು ತೆರೆದರೆ, ವೈರಿನಲ್ಲಿ ಸಿಕ್ಕಿಸಿಟ್ಟಿದ್ದ ಹಾರ್ಡ್ ಡಿಸ್ಕ್ ಅದಕ್ಕೆ ಕಾಣಿಸುತ್ತಲೇ ಇರಲಿಲ್ಲ. ವೈರು ಕಿತ್ತು ಮತ್ತೆ ಹಾಕಿದರೆ ಬರುತ್ತಿತ್ತು. ಕೆಲವು ದಿನ ಹೀಗೇ ಆಟ ಆಡಿಸಿ, ಕೊನೆಗೊಂದು ಮಧ್ಯಾಹ್ನ ಇದನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಫಾರ್ಮ್ಯಾಟ್ ಅಂದರೆ ಒಳಗಿರುವುದನ್ನೆಲ್ಲ ಅಳಿಸಿಹಾಕುವುದು. ಆಪಾನ ಮುಂದೆ ಬಂದ ಪ್ರಶ್ನೆಯೂ ಇದೇ...

ನಾನು ಆಗ ಶಿರಾದಲ್ಲಿ ಕೆಲಸಕ್ಕಿದ್ದೆ, ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಬೀದಿಯವರೆಲ್ಲ ಅವರನ್ನು ಆಪಾ ಅನ್ನುತ್ತಿದ್ದರು, ಅಕ್ಕ ಎಂದು. ನಾನೂ ಹಾಗೇ ಕರೆದೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಗಂಡ ತೀರಿಕೊಂಡ ಮೇಲೆ ತಮ್ಮನ ಸಂಸಾರದ ಜೊತೆ ಇದ್ದರು, ಆದರೆ ಯಾರ ಹಂಗಿನಲ್ಲೂ ಇರಲಿಲ್ಲ. ಮದುವೆಗಳಲ್ಲಿ ಹೆಂಗಸರ ಕಡೆಯ ವಿಡಿಯೋ ತೆಗೆಯುವುದು ಅವರ ಕೆಲಸ. ಗಂಡಸರ ಕಡೆಗೆ ಸ್ಟುಡಿಯೋದವರು ಬರುತ್ತಿದ್ದರು. ಹೆಂಗಸರಿರುವಲ್ಲಿಗೆ ಗಂಡಸು ಕ್ಯಾಮೆರಾ ಹಿಡಿದು ಬರುವುದು ಬೇಡ ಅನ್ನುವ ಮನೆಗಳವರು ಆಪಾನನ್ನು ಕರೆಸುತ್ತಿದ್ದರು. ಇದನ್ನು ಇನ್ನೊಬ್ಬ ಗಂಡಸು ನೋಡುವುದಿಲ್ಲ ಎಂದು ಆಪಾ ಮಾತು ಕೊಡುತ್ತಿದ್ದರು. ಆ ಮಾತಿನ ಮೇಲೆಯೇ ಅವರ ಅನ್ನ ನಿಂತಿತ್ತು.

ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸ ಮಹಡಿಯಲ್ಲಿ, ನನ್ನ ಕೋಣೆಯ ಎದುರಿಗೇ. ನಾನು ಹೆಂಗಸಾದ್ದರಿಂದ ಅಡ್ಡಿಯಿರಲಿಲ್ಲ, ರಜೆಯ ದಿನ ನಾನೂ ಹೋಗಿ ಕೂರುತ್ತಿದ್ದೆ. ಅರಿಸಿನ ಹಚ್ಚುವ ದಿನ ಮುದುಕಿಯರು ಸೊಸೆಯರನ್ನು ಅಣಕಿಸಿ ಹಾಡುವುದು, ಮದುಮಗಳು ಅಳುತ್ತಲೇ ಬಾಯಿತುಂಬ ಲಡ್ಡು ಇಟ್ಟುಕೊಂಡಿರುವುದು... ನಕ್ಕೂ ನಕ್ಕೂ ಸಾಕಾಗುತ್ತಿತ್ತು. ಮೆಟ್ಟಿಲ ಮೇಲೆ ಗಂಡಸಿನ ಹೆಜ್ಜೆ ಕೇಳಿದರೆ ಸಾಕು, ಆಪಾ ಟಪ್ಪನೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದರು. ತಮ್ಮನಾದರೂ ಅಷ್ಟೇ, ಮೀಟರ್ ಓದುವವನಾದರೂ ಅಷ್ಟೇ. ನಿಮಗಿಂತ ನಿಮ್ಮ ಲ್ಯಾಪ್‌ಟಾಪಿಗೇ ಪರದೆ ಜಾಸ್ತಿ ಎಂದು ನಾನು ರೇಗಿಸುತ್ತಿದ್ದೆ. ಬಂದವರು ಇಳಿದು ಹೋದ ಮೇಲೆ ಮತ್ತೆ ತೆರೆಯುತ್ತಿದ್ದರು.

ಒಂದು ಬೇಸಿಗೆಯಲ್ಲಿ, ವಿಡಿಯೋಗಳನ್ನು ತುಂಬಿಟ್ಟಿದ್ದ ಅವರ ಹಾರ್ಡ್ ಡಿಸ್ಕ್ ಲ್ಯಾಪ್‌ಟಾಪಿಗೆ ಕಾಣಿಸದಾಗುವ ಕಾಟ ಶುರುವಾಯಿತು. ಹಳೆಯದಾಯಿತು ಅಂದೆವು, ಸೆಕೆ ಅಂದೆವು. ವೈರು ಬದಲಿಸಿದರು, ಟೇಬಲ್ ಫ್ಯಾನ್ ತಿರುಗಿಸಿಟ್ಟರು. ಇಬ್ಬರಿಗೂ ಅದರ ಒಳಮರ್ಮ ತಿಳಿಯದು. ಆಮೇಲೆ ವಿಡಿಯೋಗಳು ನಡುವೆ ನಿಲ್ಲತೊಡಗಿದವು. ಕಡೆಗೆ ಒಂದು ದಿನ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿ, ಬೇಡ ಅಂದರೆ ತೆರೆಯಲೇ ಇಲ್ಲ. ಆ ಹಂಗಾಮಿನ ಮದುವೆಗಳೆಲ್ಲ ಅದರೊಳಗಿದ್ದವು, ಯಾರಿಗೂ ಇನ್ನೂ ಕೊಟ್ಟಿರಲಿಲ್ಲ.

ತುಮಕೂರಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಕೊಟ್ಟರೆ ಎಲ್ಲ ತೆಗೆದುಕೊಡುತ್ತಾರೆ ಎಂದು ತಮ್ಮ ಹೇಳಿದರು. ಅವರು ತೆರೆದು ನೋಡುವುದಿಲ್ಲವಾ ಎಂದು ಆಪಾ ಕೇಳಿದರು. ನೋಡದೆ ಸರಿಯಾಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಎಂದು ತಮ್ಮ ನಕ್ಕುಬಿಟ್ಟರು. ಆಪಾ ನಗಲಿಲ್ಲ.

ಅಂಗಡಿಗೆ ಕೊಡಲೋ ಬೇಡವೋ ಎಂದು ಒಬ್ಬೊಬ್ಬ ಮದುಮಗಳನ್ನೇ ಕೇಳಿಬರುತ್ತೇನೆ ಎಂದು ಹೊರಟರು. ಫೋನಿನಲ್ಲಿ ಕೇಳುವ ಮಾತಲ್ಲ ಇದು ಅಂದರು. ಭಾನುವಾರಗಳಲ್ಲಿ ನಾನೂ ಜೊತೆಗೆ ಹೋದೆ. ಮಧುಗಿರಿ, ಪಾವಗಡ, ನಡುವಿನ ಹಳ್ಳಿಗಳು. ಬಿಸಿಲಿನಲ್ಲಿ ಬಸ್ಸಿಗೆ ಕಾದು ಕಾದು ನನಗಂತೂ ತಲೆ ಚಿಟ್ಟು ಹಿಡಿಯುತ್ತಿತ್ತು. ಹೆಚ್ಚಿನವರು ಕೊಡಿ, ಅದಕ್ಕೇನಂತೆ ಅಂದರು. ಪಾವಗಡದ ಒಬ್ಬ ತಾಯಿಯಂತೂ ಆಪಾನ ಕೈ ಹಿಡಿದುಕೊಂಡು ಹೆಂಗಾದರೂ ತೆಗೆಸಿಕೊಡಿ ಎಂದು ಬೇಡಿಕೊಂಡಳು. ಅವಳ ಮಗಳು ಮದುವೆಯಾಗಿ ದೂರ ಹೋಗಿದ್ದಳು.

ಕಡೆಯದು ಗೌಡಗೆರೆ. ಹುಡುಗಿ ತವರಿಗೆ ಬಂದಿದ್ದಳು, ಜಗಲಿಯಲ್ಲಿ ಕಾಲು ಚಾಚಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಅವಳ ವಿಡಿಯೋ ನನಗೆ ಚೆನ್ನಾಗಿ ನೆನಪಿತ್ತು. ತಲೆಗೂದಲು ಬಿಚ್ಚಿಕೊಂಡು, ಬೆವರು ಸುರಿಯುವ ತನಕ ಕುಣಿದಿದ್ದಳು. ಆಪಾ ಹೇಳಿದ್ದನ್ನೆಲ್ಲ ಕೇಳಿ ಕೈಯಲ್ಲಿದ್ದ ಕಡಲೆಕಾಯಿ ಕೆಳಗಿಟ್ಟಳು.

“ಬ್ಯಾಡ ಆಪಾ,” ಅಂದಳು. “ಅವತ್ತು ನೀವು ಇದ್ರಿ ಅಂತ ಕುಣಿದೆ.”

ಮಿಕ್ಕವರೆಲ್ಲ ಒಪ್ಪಿರುವಾಗ ನಿನ್ನದೊಂದು ಏನು ಎಂದು ಅವಳ ಅಮ್ಮ ಗದರಿದಳು. ಆಪಾ ಆ ತಾಯಿಯನ್ನು ತಡೆದರು, ಹುಡುಗಿಯ ತಲೆ ಸವರಿ ಎದ್ದರು. ಬಸ್ಸಿನಲ್ಲಿ ನಾನು ವಾದಕ್ಕೆ ನಿಂತೆ. ಅಷ್ಟು ಜನ ಹೂಂ ಅಂದಿದ್ದಾರೆ, ಪಾವಗಡದ ಆ ತಾಯಿಯ ಮುಖ ನೋಡಿದಿರಲ್ಲ ಅಂದೆ. ಆಪಾ ಕಿಟಕಿಯಾಚೆ ನೋಡುತ್ತಿದ್ದರು.

“ಎಲ್ಲಾ ಒಂದರೊಳಗೇ ಅವೆ ಕಣಮ್ಮ ಟೀಚರಮ್ಮ. ಅವಳೊಬ್ಬಳ್ನ ಬುಟ್ಟು ಮಿಕ್ಕವರ್ನ ತೋರ್ಸಕ್ಕೆ ಹೆಂಗಾಯ್ತದೆ?”

ಮಾರನೆಯ ದಿನ ಆಪಾ ಆ ಡಿಸ್ಕನ್ನು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಒನಕೆಯಲ್ಲಿ ಕುಟ್ಟಿ ಪುಡಿ ಮಾಡಿದರು. ಮನೆಯಲ್ಲಿ ಇಟ್ಟುಕೊಂಡಿದ್ದರೆ ಎಂದಾದರೊಂದು ದಿನ ಯಾರಾದರೂ ಅಂಗಡಿಗೆ ಒಯ್ದೇ ಒಯ್ಯುತ್ತಾರೆ ಎಂದು ಅವರಿಗೆ ಗೊತ್ತಿತ್ತು. ತಮ್ಮ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು. ಸಂಜೆ ಆಪಾ ನನ್ನ ಕೋಣೆಗೆ ಬಂದು ಗೋಡೆಗೆ ಒರಗಿ ಕೂತರು. ಟೀ ಮಾಡಿಕೊಟ್ಟೆ, ಕುಡಿದರು.

ಆಮೇಲೆ ಅವರಿಗೆ ಕರೆ ಬರುವುದು ನಿಂತಿತು. ಮದುವೆಗಳನ್ನು ಕಳೆದವಳು ಎಂದು ಕೆಲವರು ಆಡಿಕೊಂಡರು. ಗೌಡಗೆರೆಯ ಹುಡುಗಿಯ ಮಾತನ್ನು ಆಪಾ ಯಾರ ಮುಂದೆಯೂ ಎತ್ತಲಿಲ್ಲ, ಎಲ್ಲವನ್ನೂ ತಮ್ಮ ತಲೆಯ ಮೇಲೇ ಹಾಕಿಕೊಂಡರು. ಕ್ಯಾಮೆರಾ ಮಾರಿ, ಸೀರೆಗೆ ಫಾಲ್ ಹೊಲಿಯುವ ಕೆಲಸ ಹಿಡಿದರು. ಹೊಲಿಯುತ್ತ ಕೂತಾಗ, ಯಾರೂ ಕೇಳದಿದ್ದರೂ, ಇದ್ದಕ್ಕಿದ್ದ ಹಾಗೆ ಹೇಳುತ್ತಿದ್ದರು.

“ಅದು ಸತ್ತೋಗಿತ್ತು ಕಣಮ್ಮ. ನಾನು ಕುಟ್ಟೋಕ್ ಮುಂಚೇನೇ ಸತ್ತೋಗಿತ್ತು.”

ಹೌದು ಆಪಾ ಅನ್ನುತ್ತಿದ್ದೆ. ಆ ಒಂದು ಮಾತು ಹಿಡಿದುಕೊಂಡೇ ಅವರು ಉಳಿದ ವರ್ಷಗಳನ್ನು ಕಳೆದರು ಅಂತ ನನಗೆ ಅನ್ನಿಸುತ್ತದೆ. ನನಗೆ ವರ್ಗವಾಯಿತು. ಹಬ್ಬಕ್ಕೆ ಫೋನು ಮಾಡುತ್ತಿದ್ದೆವು, ಆಮೇಲೆ ಅದೂ ಕಡಿಮೆಯಾಯಿತು... ಅವರು ತೀರಿಕೊಂಡ ಸುದ್ದಿಯನ್ನು ತಮ್ಮನೇ ತಿಳಿಸಿದರು.

ಹೋದ ವಾರ ಶಾಲೆಯ ಡಿಸ್ಕ್ ಕೈಕೊಟ್ಟಾಗ ನಾನೇ ಕೂತು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಎಲ್ಲ ಸಲೀಸಾಗಿ ಬರೆದಿಟ್ಟಿದ್ದರು. ಲ್ಯಾಪ್‌ಟಾಪ್ ಮುಚ್ಚಿದರೆ ಅದು ನಿದ್ದೆಗೆ ಹೋಗುತ್ತದೆ. ಬ್ಯಾಟರಿ ಉಳಿಸಲೆಂದು ಡಿಸ್ಕಿಗೆ ಹೋಗುವ ಕರೆಂಟನ್ನೂ ನಿಲ್ಲಿಸುತ್ತದೆ. ಡಿಸ್ಕಿನಲ್ಲಿ ಏನಾದರೂ ಬರೆಯುತ್ತಿರುವಾಗಲೇ ಹಾಗಾದರೆ ಯಾವ ಫೈಲು ಎಲ್ಲಿದೆ ಎಂಬ ಒಳಗಿನ ಲೆಕ್ಕ ಕಲಸಿಹೋಗುತ್ತದೆ. ಡಿಸ್ಕಿಗೆ ಮಾತ್ರ ಬಹಳ ಸಲ ಏನೂ ಆಗಿರುವುದಿಲ್ಲ. ಮುಚ್ಚಿದಾಗ ಏನೂ ಮಾಡಬೇಡ ಎಂದು ಸೆಟ್ಟಿಂಗ್ ಬದಲಿಸಿದೆ. ಕರೆಂಟ್ ಉಳಿಸು ಅನ್ನುವ ಕಡೆ ಇದ್ದ ಟಿಕ್ ತೆಗೆದೆ. ಅದೇ ಪುಟದಲ್ಲಿ ಹೇಳಿದ ಹಾಗೆ, ಫಾರ್ಮ್ಯಾಟ್ ಮಾಡದೆ, ಲ್ಯಾಪ್‌ಟಾಪಿನಲ್ಲೇ ಡಿಸ್ಕನ್ನು ರಿಪೇರಿಗೆ ಹಚ್ಚಿದೆ. ಸಂಜೆಯ ಹೊತ್ತಿಗೆ ಮಕ್ಕಳ ಅಂಕಗಳೆಲ್ಲ ವಾಪಸ್ ಬಂದವು. ಮೇಷ್ಟ್ರುಗಳೆಲ್ಲ ಖುಷಿಯಾಗಿ ಟೀ, ಮಂಡಕ್ಕಿ ತರಿಸಿದರು. ನಾನು ಕೈ ಕಟ್ಟಿ ಕೂತಿದ್ದೆ.

ಆಪಾನ ಡಿಸ್ಕ್ ಕೂಡ ಹೀಗೇ ಇದ್ದಿರಬೇಕು. ಯಾರೂ ನೋಡಬಾರದೆಂದು ಅವರು ಮುಚ್ಚಿದ ಒಂದೊಂದು ಸಲವೂ ಅದಕ್ಕೆ ಪೆಟ್ಟು ಬಿದ್ದಿದೆ. ಅಂಗಡಿಯೂ ಬೇಕಿರಲಿಲ್ಲ, ಗಂಡಸರೂ ಬೇಕಿರಲಿಲ್ಲ. ಮಹಡಿಯ ಆ ಕೋಣೆಯಲ್ಲಿ ನಾವಿಬ್ಬರೇ ಕೂತು ಸರಿಮಾಡಬಹುದಿತ್ತು. ಅದು ಸತ್ತಿರಲಿಲ್ಲ.

ಆಪಾ ಇದ್ದಿದ್ದರೆ ಈ ವಿಷಯವನ್ನು ಅವರಿಗೆ ಯಾವ ಬಾಯಲ್ಲಿ ಹೇಳುತ್ತಿದ್ದೆ? ಹೇಳದೆ ಅವರ ಮುಂದೆ ಹೇಗೆ ಕೂರುತ್ತಿದ್ದೆ? ಸದ್ಯ, ಅವರಿಲ್ಲವಲ್ಲ ಅನ್ನಿಸಿಬಿಟ್ಟಿತು. ಅಷ್ಟು ಬೇಕಾಗಿದ್ದವರ ಬಗ್ಗೆ ಹಾಗೆ ಅನ್ನಿಸಬಾರದಿತ್ತು.