ಪ್ರಿನ್ಸಿಪಾಲರ ಬೆನ್ನಿಗೆ ಮಾಲೀಕರ ಬೀಗರು

ಕೂಡ್ಲಿಗಿಯ ಕಂಪ್ಯೂಟರ್ ಸೆಂಟರಿನಲ್ಲಿ ನಾನು ಸಿ ಭಾಷೆ ಕಲಿಸುತ್ತಿದ್ದಾಗ, ಅದರ ಮಾಲೀಕರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಅಂದರೆ, ಗೊತ್ತಿಲ್ಲ ಎಂದು ಅವರು ಒಪ್ಪಿಕೊಂಡ ವಿಷಯ ಇರಲಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸು. ಹರಪನಹಳ್ಳಿಯ ಒಂದು ಕಾಲೇಜು ತನ್ನ ಲ್ಯಾಬನ್ನು ನಮ್ಮ ಸೆಂಟರಿಗೆ ವಹಿಸುವ ಮಾತಾಗಿತ್ತು. ವಹಿಸಿದರೆ ಅಲ್ಲಿ ಕಲಿಸುವವಳು ನಾನು. ಕಾಲೇಜಿನಲ್ಲಿ ಪಾಠ ಮಾಡಬೇಕೆಂಬ ಆಸೆ ನನಗೆ ವಿಪರೀತವಾಗಿತ್ತು.

ಮೊದಲು ಪ್ರಿನ್ಸಿಪಾಲರ ಎದುರು ಒಂದು ಪ್ರಯೋಗ ತೋರಿಸಬೇಕಿತ್ತು: ಒಂದು ಕಂಪ್ಯೂಟರಿನಲ್ಲಿರುವ ಹೆಸರುಗಳ ಸರಪಳಿಯನ್ನು ತಂತಿಯ ಮೂಲಕ ಇನ್ನೊಂದಕ್ಕೆ ಕಳಿಸುವುದು. ಈ ಸರಪಳಿಗೆ ಲಿಂಕ್ಡ್ ಲಿಸ್ಟ್ ಎನ್ನುತ್ತಾರೆ. ಅದೆಂದರೆ ಇಷ್ಟೇ: ಪ್ರತಿ ಕೊಂಡಿಯಲ್ಲಿ ಒಂದು ಹೆಸರು, ಜೊತೆಗೆ ಮುಂದಿನ ಕೊಂಡಿ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸ. ಆ ವಿಳಾಸ ಆ ಕಂಪ್ಯೂಟರಿನೊಳಗೆ ಮಾತ್ರ ನಡೆಯುತ್ತದೆ. ಆದ್ದರಿಂದ ಹೆಸರುಗಳನ್ನಷ್ಟೇ ಸಾಲಾಗಿ ಕಳಿಸಿ, ಕೊನೆಗೆ ಮುಗಿಯಿತೆಂಬ ಗುರುತು ಹಾಕಿ, ಆ ಕಡೆ ಸರಪಳಿಯನ್ನು ಹೊಸದಾಗಿ ಕಟ್ಟಬೇಕು. ನಾನು ಹಾಗೆಯೇ ಪ್ರೋಗ್ರಾಂ ಬರೆದು ಫ್ಲಾಪಿ ಡಿಸ್ಕಿನಲ್ಲಿಟ್ಟಿದ್ದೆ.

ಮಾಲೀಕರು ಅದನ್ನು ತೆರೆದೂ ನೋಡಲಿಲ್ಲ.

"ಇಷ್ಟುದ್ದ ಯಾಕವ್ವಾ? ಮೊದಲ್ನೇ ಕೊಂಡಿ ಕಳಿಸಿದ್ರ ಸಾಕು. ತಲಿ ಹಿಡಿದ್ರ ಬಾಲ ತಾನ ಬರ್ತೈತಿ."

"ಬರಂಗಿಲ್ರಿ. ಹಡಗಲಿ ಬಸ್ಸಿನ್ಯಾಗ ಟವೆಲ್ ಹಾಕಿ ಕೂಡ್ಲಿಗಿ ಬಸ್ಸಿನ್ಯಾಗ ಸೀಟು ಕೇಳಿದಂಗ ಆಗ್ತೈತಿ," ಎಂದೆ.

ಅವರು ನಕ್ಕು, ತಾವೇ ಪ್ರೋಗ್ರಾಂ ಬರೆದರು. ಅದು ಸೆಂಟರಿನಲ್ಲಿ ನಡೆದೂಬಿಟ್ಟಿತು. ನಡೆಯದೆ ಏನು? ಎರಡೂ ಒಂದೇ ಬಗೆಯ ಯಂತ್ರಗಳು. ಶುರುವಾದೊಡನೆ ಪ್ರೋಗ್ರಾಂ ಎರಡರಲ್ಲೂ ಅದೇ ಜಾಗಗಳಲ್ಲಿ ಅವರ ಬೀಗರ ಹೆಸರುಗಳನ್ನೇ ತುಂಬಿಕೊಳ್ಳುತ್ತಿತ್ತು. ತಂತಿಯಲ್ಲಿ ಬರುತ್ತಿದ್ದುದು ಮೊದಲ ಹೆಸರು ಮಾತ್ರ. ಉಳಿದವರು ಆಗಲೇ ಅಲ್ಲಿ ಬಂದು ಕೂತಿದ್ದರು. ಇದನ್ನು ಹೇಳಹೋದರೆ, "ನಡೀತಲ್ಲ, ಮತ್ತೇನು ನಿಂದು?" ಎಂದರು. ನಾನು ನನ್ನ ಫ್ಲಾಪಿಯನ್ನು ಬ್ಯಾಗಿಗೆ ಹಾಕಿಕೊಂಡೆ.

ಹರಪನಹಳ್ಳಿಯ ಲ್ಯಾಬಿನಲ್ಲಿ ಪ್ರಿನ್ಸಿಪಾಲರು ಕಳಿಸುವ ಕಂಪ್ಯೂಟರಿನಲ್ಲಿದ್ದ ಹಳೆಯ ಹೆಸರುಗಳನ್ನು ಅಳಿಸಿ, ಮೊದಲು ತಮ್ಮ ಹೆಸರು, ಆಮೇಲೆ ಅಧ್ಯಾಪಕರ ಹೆಸರುಗಳನ್ನು ಹೊಡೆಸಿದರು. ಮಾಲೀಕರು ಮದುವೆಯ ಗಂಡಿನಂತೆ ಗತ್ತಿನಿಂದ ಬಟನ್ ಒತ್ತಿದರು. ಆ ಕಡೆಯ ಪರದೆಯಲ್ಲಿ ಪ್ರಿನ್ಸಿಪಾಲರು ಬಂದರು. ಅವರ ಬೆನ್ನಿಗೆ ಮಾಲೀಕರ ಮಾವ, ಭಾವಮೈದುನ, ನಾದಿನಿ, ನಾದಿನಿಯ ಗಂಡ.

"ಇವ್ರೆಲ್ಲ ಯಾರ್ರೀ? ನಮ್ಮ ಕಾಲೇಜಿನೋರಲ್ಲ," ಎಂದರು ಪ್ರಿನ್ಸಿಪಾಲರು.

"ವೈರಸ್ ಸರ್," ಎಂದರು ಮಾಲೀಕರು, ಕಣ್ಣು ಕೂಡ ಮಿಟುಕಿಸದೆ. "ಈ ಹುಡುಗಿ ಫ್ಲಾಪಿಯಿಂದ ಬಂದೈತಿ."

"ವೈರಸ್ ಅಲ್ರಿ, ವಿಳಾಸ ಕಳಿಸ್ಯಾರ," ಎಂದು ನಾನು ಶುರು ಮಾಡಿದೆ. ಪ್ರಿನ್ಸಿಪಾಲರು ಎಲ್ಲ ತಿಳಿದವರಂತೆ ತಲೆಯಾಡಿಸುತ್ತಿದ್ದರು. ವೈರಸ್ಸು ಅವರು ಪೇಪರಿನಲ್ಲಿ ಓದಿದ್ದ ಮಾತು. ನಾನು ಹೇಳಿದ್ದು ಓದದ ಮಾತು. "ವೈರಸ್ ತೆಗೆದು ಮುಂದಿನ ವಾರ ತೋರಿಸ್ರಿ. ಆದ್ರೆ ಈ ಹುಡುಗಿ ಬೇಡ, ಬೇರೆಯೋರ್ನ ಕಳಿಸ್ರಿ," ಎಂದರು. ಕೂತಲ್ಲೇ ನನ್ನ ಕಾಲೇಜಿನ ಕೆಲಸ ಹೋಯಿತು.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನುಗ್ಗಿದ್ದೇ ತಡ, ಮಾಲೀಕರು ಬೋರ್ಡನ್ನೂ ನೋಡದೆ ಕಿಟಕಿಯೊಳಗೆ ಟವೆಲ್ ಎಸೆದರು. ಅದು ಹಡಗಲಿ ಬಸ್ಸು. ಕೂಡ್ಲಿಗಿಯದು ಹಿಂದೆ ಬಂದು ನಿಂತಿತ್ತು. ಇವರು ಅತ್ತ ಓಡುವಷ್ಟರಲ್ಲಿ ಟವೆಲ್ ಹಡಗಲಿಯ ದಾರಿ ಹಿಡಿದಿತ್ತು. ನನಗೆ ಸೀಟು ಸಿಕ್ಕಿತು. ಅವರು ನನ್ನ ಪಕ್ಕದಲ್ಲೇ ಕಂಬಿ ಹಿಡಿದು ನಿಂತರು.

ಊರು ದಾಟಿದ ಮೇಲೆ ಬಗ್ಗಿ, ಮೆಲ್ಲಗೆ, ಬೆಣ್ಣೆಯಂಥ ದನಿಯಲ್ಲಿ ಕೇಳಿದರು: "ಆ ನಿನ್ನ ಫ್ಲಾಪಿ ಕೊಡವ್ವಾ. ಮುಂದಿನ ವಾರ ಅದನ್ನ ತೋರಿಸ್ತೀನಿ."

ಫ್ಲಾಪಿ ನನ್ನ ಬ್ಯಾಗಿನಲ್ಲೇ ಇತ್ತು. ಬ್ಯಾಗನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡೆ.

"ಬ್ಯಾಡ್ರಿ," ಎಂದೆ, ಅಕ್ಕಪಕ್ಕದವರಿಗೂ ಕೇಳುವಂತೆ. "ಅದರಾಗ ವೈರಸ್ ಐತಿ."

ಕೊಟ್ಟೂರು ದಾಟಿ ಕೂಡ್ಲಿಗಿ ಬರುವವರೆಗೂ ಅವರು ನಿಂತೇ ಬಂದರು.