ಒಳಮಗ್ಗುಲು ನೋಡುತ್ತಿದ್ದ ಅಮುದಾ ಮಿಸ್

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ಹೊಲಿಗೆ ಯಂತ್ರದ ಮೊದಲ ಕವರಿನ ಹೊಲಿಗೆ ಬಿಚ್ಚಿದೆ. ಅಮುದಾ ಮಿಸ್ ಆಗ ಗುಂಡಿ ತರಲು ಪೇಟೆಗೆ ಹೋಗಿದ್ದರು. ಇದ್ದಿದ್ದರೆ ನನ್ನ ಕೈಯಿಂದ ಬ್ಲೇಡು ಕಿತ್ತುಕೊಳ್ಳುತ್ತಿದ್ದರು.

ಊರಿಗಾಂನ ನಮ್ಮ ಪಿಯು ಕಾಲೇಜಿನಲ್ಲಿ ಜವಳಿ ಮತ್ತು ಉಡುಪು ವಿನ್ಯಾಸ ಕಲಿಸುತ್ತಿದ್ದವರು ಅವರೊಬ್ಬರೇ. ಐದಡಿಗೂ ಕಡಿಮೆ ಎತ್ತರ, ಕೊರಳಲ್ಲಿ ಸದಾ ಅಳತೆಯ ಟೇಪು. ಅವರ ಅಪ್ಪ ಇಲ್ಲಿನ ಚಿನ್ನದ ಗಣಿಯೊಳಗೆ ದುಡಿದವರು. ಮಿಸ್ ಹುಟ್ಟಿ ಬೆಳೆದದ್ದು ಕಾರ್ಮಿಕರ ಲೈನ್ ಮನೆಯಲ್ಲಿ. ಯಾವ ಬಟ್ಟೆ ಕೊಟ್ಟರೂ ಮೊದಲು ತಿರುಗಿಸಿ ಒಳಮಗ್ಗುಲು ನೋಡುತ್ತಿದ್ದರು. "ಮೇಲ್ಗಡೆ ಎಲ್ಲಾ ಚೆನ್ನಾಗೇ ಇರ್ತದೆ ಕಣ್ಣು, ಒಳಗಡೆ ತೋರ್ಸು" ಎನ್ನುತ್ತಿದ್ದರು. ಅವರ ಕನ್ನಡದಲ್ಲಿ ನಾವೆಲ್ಲ ತಮಿಳರು ಮುದ್ದಿಗೆ ಕರೆಯುವ 'ಕಣ್ಣು'ಗಳೇ.

ಅಪರಿಚಿತರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಬಟ್ಟೆ ಕೊಳ್ಳಲು ನಮ್ಮನ್ನು ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಕರೆದೊಯ್ದಾಗ, ಟಿಕೆಟ್ ಕೇಳಲು ಬಂದವರ ಕೋಟಿನ ತೋಳು ಹಿಡಿದು ತಿರುಗಿಸಿಯೇಬಿಟ್ಟರು.

"ಈ ಗುಂಡಿ ಯಾರ್ ಸಾರ್ ಹೊಲ್ದಿದ್ದು?"

"ನಮ್ಮ ಮನೆಯವ್ರು. ಯಾಕಮ್ಮಾ?"

"ಏನೋ ಕೋಪದಲ್ಲಿ ಹೊಲ್ದವ್ರೆ. ಮನೆಗ್ ಹೋದ್ಮೇಲೆ ವಿಚಾರ್ಸಿ."

ಆ ಮನುಷ್ಯ ನಗುತ್ತಾ ನಮ್ಮ ಟಿಕೆಟ್ ನೋಡುವುದನ್ನೇ ಮರೆತು ಮುಂದೆ ಹೋದರು.

ಬೇತಮಂಗಲದ ಹತ್ತಿರದ ಹಳ್ಳಿಯಿಂದ ಬರುತ್ತಿದ್ದ ನಾನು ಮೊದಲ ಮೂರು ತಿಂಗಳು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. "ಮೂರು ಹೊಲ್ಗೆ ಬಿಟ್ಟು ಒಂದು ಕತ್ರಿಸು. ಹಿಂದ್ಗಡೆ ದಾರ ಎಳಿ. ಬಟ್ಟೆಗೆ ನೋವಾಗ್ಬಾರ್ದು." ಅಷ್ಟು ತಾಳ್ಮೆ ತರಗತಿಯಲ್ಲಿ ನನಗೊಬ್ಬಳಿಗೇ ಬಂತು.

ನಮ್ಮ ಹೊಲಿಗೆ ಯಂತ್ರಗಳು ಯಾವುದೋ ಮುಚ್ಚಿಹೋದ ಗಾರ್ಮೆಂಟ್ಸಿನಿಂದ ಬಂದವು. ಮೋಟಾರಿನ ಬೆಲ್ಟಿಗೆ ಇರಬೇಕಾದ ಕಬ್ಬಿಣದ ಮುಚ್ಚಳ ಒಂದಕ್ಕೂ ಇರಲಿಲ್ಲ. ಮಿಸ್ ಎರಡು ಸಲ ಅರ್ಜಿ ಬರೆದು ಕೊಟ್ಟರು. ಮೂರನೆಯ ಸಲ ಬರೆಯದೆ, ಹಳೆಯ ಟಾರ್ಪಾಲಿನಿಂದ ತಾವೇ ಕವರು ಹೊಲಿದರು. ಯಾರೂ ಸುಲಭಕ್ಕೆ ತೆಗೆಯಬಾರದೆಂದು ಗುಂಡಿ ಇಡದೆ, ಸ್ಟ್ಯಾಂಡಿನ ಕಂಬಿಗೆ ಸುತ್ತಿ ಹೊಲಿದೇಬಿಟ್ಟರು. "ಆನೆಗೆ ಚಡ್ಡಿ ಹಾಕ್ದಂಗೈತೆ ಮಿಸ್" ಎಂದು ನಮ್ಮ ತರಗತಿಯ ಗಿರಿಜಾ ರೇಗಿಸುತ್ತಿದ್ದಳು. ದುಪಟ್ಟಾ ಸೊಂಟಕ್ಕೆ ಬಿಗಿದು ಕಟ್ಟದೆ ಯಾರೂ ಯಂತ್ರದ ಮುಂದೆ ಕೂರುವಂತಿರಲಿಲ್ಲ.

ನಾನು ಕವರು ಬಿಚ್ಚಿದ ಆ ದಿನ ಹೊರಗಿನಿಂದ ಅತಿಥಿಗಳು ಬರುವವರಿದ್ದರು. ಪ್ರಿನ್ಸಿಪಾಲರು ಕೋಣೆಗೆ ಬಂದು, "ಇದೇನ್ರಮ್ಮಾ ಗೋಣಿಚೀಲದ ಹಾಗೆ? ಫೋಟೋದಲ್ಲಿ ಬರುತ್ತೆ, ತೆಗೀರಿ. ದುಪಟ್ಟಾ ನೀಟಾಗಿ ಹೆಗಲ ಮೇಲೆ ಹಾಕ್ಕೊಳ್ಳಿ" ಎಂದರು. ಬಿಚ್ಚುವುದರಲ್ಲಿ ಯಾರು ಚುರುಕೆಂದು ಕೇಳಿದಾಗ ಎಲ್ಲರೂ ನನ್ನತ್ತ ನೋಡಿದರು. ನನಗೆ ಹೆಮ್ಮೆಯೇ ಆಯಿತು. ಅದನ್ನು ಇವತ್ತಿಗೂ ಕ್ಷಮಿಸಿಕೊಳ್ಳಲಾಗಿಲ್ಲ.

ಅತಿಥಿಗಳು ಬಂದ ಮೇಲೆ ಗಿರಿಜಾ ಹೊಲಿದು ತೋರಿಸತೊಡಗಿದಳು. ಬಲ ಹೆಗಲಿನಿಂದ ಜಾರಿದ ದುಪಟ್ಟಾದ ತುದಿಯನ್ನು ಬೆಲ್ಟು ಎಳೆದುಕೊಂಡಿತು. ಅವಳ ತಲೆ ಮೇಜಿಗೆ ಬಡಿಯಿತು. ಭಯಕ್ಕೆ ಬಿಗಿದುಕೊಂಡ ಕಾಲು ಪೆಡಲನ್ನು ಇನ್ನೂ ಒತ್ತುತ್ತಲೇ ಇತ್ತು. ದುಪಟ್ಟಾ ಕತ್ತಿಗೆ ಉರುಲಾಗಿ ಮುಖ ಕಪ್ಪಾಗುತ್ತಿತ್ತು. ಸ್ವಿಚ್ಚು ಸ್ವಾಗತದ ಬ್ಯಾನರಿನ ಹಿಂದಿತ್ತು. ಮೂರು ಹೆಜ್ಜೆ ದೂರದಲ್ಲಿದ್ದ ನಾನು ಕದಲಲಿಲ್ಲ.

ಅದೇ ಹೊತ್ತಿಗೆ ಬಾಗಿಲಿಗೆ ಬಂದ ಮಿಸ್ ಗುಂಡಿಯ ಪೊಟ್ಟಣ ಬಿಸಾಡಿ ಓಡಿ ಬಂದರು. ಗಿರಿಜಾಳ ಕಾಲನ್ನು ಒದ್ದು ಪೆಡಲಿನಿಂದ ತಳ್ಳಿದರು. ಎಡಗೈ ಬೆರಳುಗಳನ್ನು ಅವಳ ಕತ್ತಿಗೂ ಬಟ್ಟೆಗೂ ನಡುವೆ ತೂರಿಸಿ, ಆ ಬೆರಳುಗಳ ಮೇಲೆಯೇ ಕತ್ತರಿ ಆಡಿಸಿದರು. ಗಿರಿಜಾ ಉಸಿರೆಳೆದುಕೊಂಡಾಗ ನೆಲದ ಮೇಲೆ ಬಿದ್ದಿದ್ದ ರಕ್ತ ಮಿಸ್ ಅವರದಾಗಿತ್ತು.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ವರದಿ ಸಿದ್ಧವಾಗಿತ್ತು. ನಿಯಮ ಮೀರಿ ದುಪಟ್ಟಾ ಹಾಕಿಕೊಂಡಿದ್ದ ವಿದ್ಯಾರ್ಥಿನಿಯ ಅಜಾಗರೂಕತೆಯೇ ಕಾರಣ, ಅವಳನ್ನು ಪ್ರಾಯೋಗಿಕ ಪರೀಕ್ಷೆಗೆ ಕೂರಿಸಬಾರದು ಎಂದಿತ್ತು. ಸಾಕ್ಷಿಯಾಗಿ ನನ್ನನ್ನೂ ಕರೆಸಿದ್ದರು. ಮಿಸ್ ಕಟ್ಟು ಹಾಕಿದ ಕೈಯಲ್ಲಿ ಆ ಹಾಳೆಯನ್ನು ಮಗುಚಿ ನೋಡಿದರು.

"ಕವರ್ ಯಾಕೆ ಬಿಚ್ಸಿದ್ರಿ ಅಂತ ಇದ್ರಲ್ಲಿ ಇಲ್ವಲ್ಲ ಸಾರ್."

"ನೀವು ಅತಿಥಿ ಉಪನ್ಯಾಸಕಿ. ಅದು ನೆನಪಿರಲಿ."

"ಅತಿಥಿ ಅಂತೀರಿ, ಇಷ್ಟ್ ವರ್ಷದಲ್ಲಿ ಒಂದ್ ಟೀ ಕೊಟ್ಟಿಲ್ಲ. ಸೈನ್ ಹಾಕಲ್ಲ ಸಾರ್."

ನಾನು ಗೋಡೆ ನೋಡುತ್ತಾ ನಿಂತಿದ್ದೆ. ನನ್ನ ಸಹಿ ಕೇಳಿದಾಗ, ಯೋಚಿಸಿ ಹೇಳುತ್ತೇನೆಂದು ತೊದಲಿ ಹೊರಬಂದೆ.

ಸಂಜೆ ಮಿಸ್ ಬಿಚ್ಚಿದ್ದ ಟಾರ್ಪಾಲಿನ ಕವರೊಂದನ್ನು ಹಿಡಿದು ನನ್ನ ಹತ್ತಿರ ಬಂದರು. "ಬಟ್ಟೆ ಒಂದ್ ಕಡೇನೂ ಹರಿದಿಲ್ಲ. ಮೂರಕ್ಕೊಂದು ಕತ್ರಿಸವ್ರೆ. ಇದು ನಿನ್ ಕೈ." ನಾನು ಅಳತೊಡಗಿದೆ. "ಅಳ್ಬೇಡ. ನನ್ ಬಾಯಿಂದ ನಿನ್ ಹೆಸ್ರು ಬರಲ್ಲ. ಆದ್ರೆ ಗಿರಿಜಾ ಹೆಸ್ರೂ ಆ ಪೇಪರ್ ಮೇಲೆ ಇರ್ಬಾರ್ದು. ನಿಂಗೆ ಏನ್ ಮಾಡ್ಬೇಕು ಅನ್ಸುತ್ತೋ ಮಾಡು."

ಆಮೇಲಿನ ರಾತ್ರಿಗಳಲ್ಲಿ ಕಣ್ಣು ಮುಚ್ಚಿದರೆ ಮೋಟಾರು ತಿರುಗುತ್ತಿತ್ತು. ಪ್ರತಿ ಸಲವೂ ನಾನು ಸ್ವಿಚ್ಚಿನತ್ತ ಓಡುತ್ತಿದ್ದೆ, ಪ್ರತಿ ಸಲವೂ ತಲುಪುತ್ತಿರಲಿಲ್ಲ.

ಮೂರನೆಯ ವಾರ ಇಲಾಖೆಯಿಂದ ವಿಚಾರಣೆಗೆ ಒಬ್ಬರು ಮೇಡಂ ಬಂದರು. ನಾನು ಎದ್ದು ನಿಂತೆ. "ಕವರ್ ಬಿಚ್ಚಿದ್ದು ನಾನು. ಬಿಚ್ಚು ಅಂದಿದ್ದು ಪ್ರಿನ್ಸಿಪಾಲ್ ಸಾರ್. ದುಪಟ್ಟಾ ಹೆಗಲಿಗೆ ಹಾಕಿಸಿದ್ದೂ ಅವರೇ."

"ಯಾರು ಹೇಳಿಕೊಟ್ಟದ್ದು ನಿನಗೆ ಇದನ್ನೆಲ್ಲ?" ಎಂದರು ಪ್ರಿನ್ಸಿಪಾಲರು.

"ಬಿಚ್ಚೋದನ್ನ ಮಿಸ್ ಹೇಳ್ಕೊಟ್ರು ಸಾರ್. ಇದನ್ನ ಯಾರೂ ಹೇಳ್ಕೊಟ್ಟಿಲ್ಲ."

ಹಿಂದೆ ಕೂತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಹೌದೆಂದರು. ವರದಿ ಬದಲಾಯಿತು. ಯಂತ್ರಗಳಿಗೆ ಕಬ್ಬಿಣದ ಮುಚ್ಚಳ ಬಂತು. ಅದೇ ತಿಂಗಳು ಮಿಸ್‌ಗೆ ಇನ್ನು ಬರಬೇಕಾಗಿಲ್ಲ ಎಂಬ ಪತ್ರವೂ ಬಂತು. ನನಗೆ ನಿದ್ದೆ ಮಾತ್ರ ಬರಲಿಲ್ಲ.

ಪ್ರಾಯೋಗಿಕ ಪರೀಕ್ಷೆಗೆ ಗಿರಿಜಾ ಅಗಲ ಕತ್ತಿನ ಕುರ್ತಾ ವಿನ್ಯಾಸ ಮಾಡಿದಳು. ತನ್ನ ಅಳತೆಗೇ ಹೊಲಿದು, ತಾನೇ ತೊಟ್ಟು ಪರೀಕ್ಷಕರ ಮುಂದೆ ನಿಂತಳು. ಕತ್ತಿನ ಸುತ್ತ ಗಾಯದ ಗೆರೆ ಎದ್ದು ಕಾಣುತ್ತಿತ್ತು. ಮುಚ್ಚುವ ಕತ್ತು ಇಡಬಹುದಿತ್ತಲ್ಲ ಎಂದು ಪರೀಕ್ಷಕರು ಮೆಲ್ಲಗೆ ಕೇಳಿದರು.

"ಕಾಣ್ಲಿ ಮೇಡಂ. ನಾನೇನ್ ತಪ್ ಮಾಡಿಲ್ಲ" ಎಂದಳು ಗಿರಿಜಾ.

ಅಮುದಾ ಮಿಸ್‌ರನ್ನು ಒಳಗೆ ಬಿಟ್ಟಿರಲಿಲ್ಲ. ಬೆಳಿಗ್ಗೆಯಿಂದ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದರು. ಕಾಲ ಬಳಿ ಬ್ಯಾಗು. ಸಂಜೆಯ ರೈಲಿಗೆ ಹೊರಟಿದ್ದರು, ಹೊಸೂರಿನಲ್ಲಿ ಕೆಲಸ ಸಿಕ್ಕಿತ್ತು. ನಾನು ಓಡಿ ಹೋಗಿ ಗಿರಿಜಾಳ ಮಾತನ್ನು ಹೇಳಿದೆ. ಅವರು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ನನ್ನ ಮುಖ ನೋಡಿದರು.

"ನಿದ್ದೆ ಮಾಡ್ತಿಲ್ವಾ ನೀನು?"

"ಇಲ್ಲ ಮಿಸ್."

"ಅವ್ಳು ಎದ್ ನಿಂತವ್ಳೆ. ನೀನು ಮನೆಗ್ ಹೋಗಿ ಮಲಿಕ್ಕೊ."

ನಾನು ಅವರನ್ನು ಮತ್ತೆ ನೋಡಿಲ್ಲ. ಆ ರಾತ್ರಿ ಊಟವಾದ ಮೇಲೆ ಚಾಪೆಯ ಮೇಲೆ ಒರಗಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿತ್ತು.

"ಬಸ್ ಓಗಿ ಎಷ್ಟೊತ್ತಾಯ್ತು. ಎಬ್ಸಕ್ಕೆ ಮನಸ್ಸಾಗ್ಲಿಲ್ಲ" ಎಂದಳು ಅಮ್ಮ.